ದೀಪಕ್ಕೆ ಬಾರದ ಪತಂಗಗಳು

ಪತಂಗಗಳ ಪಟ್ಟಿ ಮಾಡುವವರ ಕೆಲಸ ಹೊತ್ತು ಮುಳುಗಿದ ಮೇಲೆ ಸುರುವಾಗುತ್ತದೆ. ಎರಡು ಗೂಟ ನೆಟ್ಟು ಬಿಳಿ ಬಟ್ಟೆ ಕಟ್ಟುತ್ತಾರೆ, ಅದರ ಮುಂದೆ ನೇರಳಾತೀತ ಬೆಳಕು ಸೂಸುವ ದೀಪ ಹಚ್ಚುತ್ತಾರೆ, ಬಂದು ಕೂತದ್ದರ ಫೋಟೊ ತೆಗೆಯುತ್ತಾರೆ. ಬೆಂಗಳೂರಿನ ತಾರಸಿಯಿಂದ ಹಿಡಿದು ಮಲೆನಾಡಿನ ಕಾಫಿ ತೋಟದ ತನಕ ಇದೇ ಪದ್ಧತಿ. 2012ರಿಂದ ಪ್ರತಿ ಜುಲೈ ಕೊನೆಗೆ ನಡೆಯುತ್ತಿರುವ ಪತಂಗ ಸಪ್ತಾಹದಲ್ಲೂ ಹೆಚ್ಚಿನವರು ಮಾಡುವುದು ಇದನ್ನೇ. ಹೀಗೆ ಬೆಳೆದ ಪಟ್ಟಿಗಳಲ್ಲಿ ಒಂದು ಕುಟುಂಬದ ಹೆಸರು ಕಾಣುವುದು ತೀರ ಅಪರೂಪ: ಸೆಸಿಡೇ, ಅಂದರೆ ಗಾಜುರೆಕ್ಕೆಯ ಪತಂಗಗಳು. ಜಗತ್ತಿನಲ್ಲಿ ಇವುಗಳ ಸುಮಾರು ಒಂದೂವರೆ ಸಾವಿರ ಪ್ರಭೇದಗಳಿವೆ. ಸಣ್ಣ ಕುಟುಂಬವೇನಲ್ಲ. ಆದರೆ ಇವು ಹಾರುವುದು ಹಗಲಲ್ಲಿ, ಅದೂ ಕಣಜದ ವೇಷ ಹಾಕಿಕೊಂಡು. ನಾವು ದೀಪ ಹಚ್ಚುವ ಹೊತ್ತಿಗೆ ಇವುಗಳ ದಿನ ಮುಗಿದಿರುತ್ತದೆ.

ಆ ವೇಷದ ಕುಸುರಿ ನೋಡಬೇಕು. ಚಿಟ್ಟೆ, ಪತಂಗಗಳನ್ನು ಮುಟ್ಟಿದರೆ ಬೆರಳಿಗೆ ಹತ್ತುವ ಪುಡಿ ಅವುಗಳ ರೆಕ್ಕೆಯ ಹುರುಪೆ. ರೆಕ್ಕೆಗೆ ಬಣ್ಣ ಕೊಡುವುದು ಅದೇ. ಗಾಜುರೆಕ್ಕೆಯ ಪತಂಗಗಳಲ್ಲಿ ನರಗಳ ಮೇಲೆ ಮತ್ತು ಅಂಚಿನಲ್ಲಿ ಮಾತ್ರ ಹುರುಪೆ ಉಳಿದು, ನಡುವೆ ಬರಿಯ ಪೊರೆ. ಕೆಲವು ಪ್ರಭೇದಗಳು ಕೋಶದಿಂದ ಹೊರಬಂದಾಗ ತೆಳ್ಳಗೆ ಹುರುಪೆ ಹೊದ್ದಿದ್ದು, ಮೊದಲ ಹಾರಾಟದಲ್ಲೇ ಉದುರಿಸಿಬಿಡುತ್ತವೆ. ಮುಂದಿನ ರೆಕ್ಕೆ ಸಪೂರ. ಅದರ ಹಿಂಬದಿಯ ಅಂಚು ಕೆಳಕ್ಕೆ ಮಡಚಿಕೊಂಡು, ಮೇಲಕ್ಕೆ ಮಡಚಿದ ಹಿಂದಿನ ರೆಕ್ಕೆಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಎರಡೂ ಸೇರಿ ಒಂದೇ ರೆಕ್ಕೆಯಾಗಿ ಬಡಿಯುತ್ತವೆ. ಕಣಜಗಳೂ ತಮ್ಮ ಎರಡು ಜೋಡಿ ರೆಕ್ಕೆಗಳನ್ನು ಸಣ್ಣ ಕೊಕ್ಕೆಗಳಿಂದ ಬೆಸೆದುಕೊಂಡೇ ಹಾರುತ್ತವೆ. ಹೊಟ್ಟೆಯ ಮೇಲೆ ಹಳದಿ ಪಟ್ಟೆ, ಸೊಂಟ ಸಪೂರವಾಗಿ ಕಾಣುವಂತೆ ಅಕ್ಕಪಕ್ಕ ತಿಳಿಬಣ್ಣದ ಮಚ್ಚೆ; ಎಲ್ಲ ಸರಿ, ಕುಟುಕುವ ಮುಳ್ಳೊಂದೇ ಇಲ್ಲ. ನಿರುಪದ್ರವಿ ಜೀವಿಯೊಂದು ಅಪಾಯಕಾರಿ ಜೀವಿಯ ರೂಪ ತಾಳಿ ಬದುಕಿಕೊಳ್ಳುವ ಈ ಬಗೆಯನ್ನು ಹೆನ್ರಿ ವಾಲ್ಟರ್ ಬೇಟ್ಸ್ ಅಮೆಜಾನ್ ಕಾಡಿನ ಚಿಟ್ಟೆಗಳನ್ನು ನೋಡಿ 1862ರಲ್ಲಿ ವಿವರಿಸಿದ. ಗಾಜುರೆಕ್ಕೆಯ ಪತಂಗಗಳಲ್ಲಿ ಈ ಅನುಕರಣೆ ರೂಪಕ್ಕೇ ನಿಲ್ಲುವುದಿಲ್ಲ. ಆಗ್ನೇಯ ಏಷ್ಯಾದ ಮಳೆಕಾಡಿನಲ್ಲಿ ಇವು ಹಾರುವುದನ್ನು ಚಿತ್ರೀಕರಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಾಳಿಯಲ್ಲಿ ಇವು ಹಿಡಿಯುವ ಹಾದಿಯೂ ತಾವು ಅನುಕರಿಸುವ ಕಣಜ, ಜೇನುಗಳ ಹಾದಿಯನ್ನೇ ಹೋಲುತ್ತದೆ.

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ತಾಂಬಾದಂಥ ಊರಲ್ಲಿ ಇವು ಹಾರುವ ಬಿಸಿಲಿಗೆ ಬರವಿಲ್ಲ. ಎರಿ ಹೊಲದಲ್ಲಿ ಹಿಂಗಾರಿ ಜೋಳ, ತೊಗರಿ, ಕಡಲೆ. ನೀರಿನ ಅನುಕೂಲವಿದ್ದಲ್ಲಿ ಲಿಂಬಿ, ದ್ರಾಕ್ಷಿ, ದಾಳಿಂಬೆ, ಒಂದಿಷ್ಟು ಕಾಯಿಪಲ್ಲೆ. ಪತಂಗ ಹುಡುಕುವವರು ಬಿಳಿ ಬಟ್ಟೆ ಹೊತ್ತು ಸಹ್ಯಾದ್ರಿಯ ಕಡೆ ಓಡುತ್ತಾರೆಯೇ ಹೊರತು ಇಂಥ ಬಯಲಿಗೆ ಬರುವವರು ಕಡಿಮೆ. ನನ್ನ ಕೇಳಿದರೆ ಗಾಜುರೆಕ್ಕೆಯ ಪತಂಗದ ಮಟ್ಟಿಗೆ ಪಡವಲದ ಚಪ್ಪರ ಯಾವ ಕಾಡಿಗೂ ಕಡಿಮೆಯಲ್ಲ.

ಯಾಕೆಂದರೆ ದಕ್ಷಿಣ ಭಾರತದಲ್ಲಿ ಈ ಕುಟುಂಬದ ಪೈಕಿ ರೈತರಿಗೆ ಹೆಚ್ಚು ಎದುರಾಗುವ ಪ್ರಭೇದ ಇರುವುದೇ ಪಡವಲದ ಬಳ್ಳಿಯಲ್ಲಿ. ಹೆಸರು ಮೆಲಿಟಿಯಾ ಯೂರಿಟಿಯಾನ್. 1848ರಲ್ಲಿ ಇಂಗ್ಲೆಂಡಿನ ಕೀಟಶಾಸ್ತ್ರಜ್ಞ ಜಾನ್ ವೆಸ್ಟ್‌ವುಡ್ ಕೊಟ್ಟದ್ದು. ಇದರ ಹಿಂಗಾಲುಗಳ ತುಂಬ ದಟ್ಟ ಕೂದಲಿನ ಕುಚ್ಚು. ಹಾರುವಾಗ ನೋಡಿದರೆ ಪರಾಗ ಹೊತ್ತ ಜೇನ್ನೊಣವೇ ಅನ್ನಿಸಬೇಕು. ಮರಿಹುಳು ಬಳ್ಳಿಯೊಳಗೆ ಕೊರೆದು ಕೂತು ತಿನ್ನುತ್ತದೆ, ಬಳ್ಳಿ ಆ ಜಾಗದಲ್ಲಿ ಗಂಟಾಗಿ ಉಬ್ಬುತ್ತದೆ. ಕೃಷಿ ಪುಸ್ತಕಗಳಲ್ಲಿ ಇದು ಕಾಂಡಕೊರಕ. ಗಂಟು ಕಂಡೊಡನೆ ಇದೇ ಎಂದು ತೀರ್ಮಾನಿಸುವಂತಿಲ್ಲ. ಹಾಗಲದ ಬಳ್ಳಿಯಲ್ಲಿ ಸೊಳ್ಳೆಯಂಥ ಒಂದು ಸಣ್ಣ ನೊಣದ ಮರಿಗಳೂ ಗಂಟು ಎಬ್ಬಿಸುತ್ತವೆ. ಸೀಳಿ ನೋಡಬೇಕು. ಒಳಗೆ ಕಾಲಿಲ್ಲದ ಸಣ್ಣ ಹುಳುಗಳು ಹಲವಿದ್ದರೆ ನೊಣ. ಕಂದು ತಲೆ, ಕುಳ್ಳ ಕಾಲುಗಳ ದಪ್ಪ ಮರಿಹುಳು ಇದ್ದರೆ ಪತಂಗ.

ಅಮೆರಿಕದಲ್ಲಿ ಇದರ ದಾಯಾದಿ ಮೆಲಿಟಿಯಾ ಕುಕರ್ಬಿಟೇ ಕುಂಬಳದ ಬಳ್ಳಿಯ ಬುಡವನ್ನೇ ಕೊರೆದು ಇಡೀ ಬಳ್ಳಿಯನ್ನು ಬಾಡಿಸುತ್ತದೆ. ಅದನ್ನು 1828ರಲ್ಲಿ ವರ್ಣಿಸಿದ ಥಡಿಯಸ್ ಹ್ಯಾರಿಸ್ ವೈದ್ಯ; ಆಮೇಲೆ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಪಾಲಕನಾದ. ಈ ಪತಂಗಗಳ ಅಧ್ಯಯನ ಮೊದಲಿಂದಲೂ ಬೇರೆ ಉದ್ಯೋಗದವರ ಕೈಯಲ್ಲೂ ಬೆಳೆದಿದೆ. ಭಾರತದ ಪತಂಗಗಳ ಬಗ್ಗೆ ಇಂದಿಗೂ ತೆರೆದು ನೋಡಬೇಕಾದ ನಾಲ್ಕು ಸಂಪುಟಗಳನ್ನು 1892ರಿಂದ 1896ರ ನಡುವೆ ಬರೆದ ಜಾರ್ಜ್ ಹ್ಯಾಂಪ್ಸನ್ ಮೊದಲು ನೀಲಗಿರಿಯಲ್ಲಿ ಚಹಾ ತೋಟ ಮಾಡಿಕೊಂಡಿದ್ದವ. ಜಗತ್ತಿನ ಎಲ್ಲ ಗಾಜುರೆಕ್ಕೆಯ ಪತಂಗಗಳ ಪಟ್ಟಿಯನ್ನು 2004ರಲ್ಲಿ ಫ್ರಾನ್ಜ್ ಪ್ಯೂರಿಂಗರ್ ಜೊತೆ ಸೇರಿ ಪ್ರಕಟಿಸಿದ ಆಕ್ಸೆಲ್ ಕಾಲೀಸ್ ಅವರ ಸಂಬಳದ ಕೆಲಸ ಮೆಲ್ಬರ್ನ್‌ನಲ್ಲಿ ರೋಗನಿರೋಧಕ ಜೀವಕೋಶಗಳ ಸಂಶೋಧನೆ.

ವರ್ಗೀಕರಣದ ಗೊಂದಲ ಹಳೆಯದು. 1758ರಲ್ಲಿ ಲಿನೇಯಸ್ ಚಿಟ್ಟೆ-ಪತಂಗಗಳನ್ನೆಲ್ಲ ಮೂರೇ ಕುಲಗಳಲ್ಲಿ ತುಂಬಿಸಿದ: ಪಪಿಲಿಯೊ, ಸ್ಫಿಂಕ್ಸ್, ಫಲೀನಾ. ಗಾಜುರೆಕ್ಕೆಯವು ಸ್ಫಿಂಕ್ಸ್ ಪಾಲಿಗೆ ಬಂದವು. ಅವನ ಶಿಷ್ಯ ಫ್ಯಾಬ್ರಿಶಿಯಸ್ 1775ರಲ್ಲಿ ಸೆಸಿಯಾ ಎಂಬ ಹೊಸ ಕುಲ ಮಾಡಿದ. ಒಳ್ಳೆಯದಾಯಿತು ಅನ್ನುವಷ್ಟರಲ್ಲಿ, ಪಾರದರ್ಶಕ ರೆಕ್ಕೆಯ ದಪ್ಪ ಗಿಡುಗ ಪತಂಗಗಳನ್ನೂ ಅದರೊಳಗೇ ತುರುಕಿದ. ಅಮೆರಿಕದ ಒಂದು ಗಿಡುಗ ಪತಂಗಕ್ಕೆ ಅವನು ಅದೇ ಪುಸ್ತಕದಲ್ಲಿ ಇಟ್ಟ ಹೆಸರು ಸೆಸಿಯಾ ತಿಸ್ಬೆ. ಇಂದು ಅದು ಬೇರೆ ಕುಟುಂಬದ ಹೆಮಾರಿಸ್ ಕುಲದಲ್ಲಿದೆ. ಕುಟುಂಬದ ಹೆಸರಿಗೂ ಇದೇ ಗತಿ. ಒಬ್ಬರು ಸೆಸಿಡೇ ಎಂದರೆ ಇನ್ನೊಬ್ಬರು ಈಜೀರಿಡೇ ಎಂದರು, ಇಪ್ಪತ್ತನೆಯ ಶತಮಾನದ ನಡುವಿನ ತನಕ ಎರಡೂ ಚಲಾವಣೆಯಲ್ಲಿದ್ದವು. ಹಳೆಯ ಪುಸ್ತಕ ಹಿಡಿದು ಕೂತವರು ಯಾವ ಸೆಸಿಯಾ ಎಂದು ಪ್ರತಿಸಲ ಕೇಳಿಕೊಳ್ಳಬೇಕು.

ಫ್ಯಾಬ್ರಿಶಿಯಸ್‌ನನ್ನು ದೂರಿ ಪ್ರಯೋಜನವಿಲ್ಲ. ರೆಕ್ಕೆಯ ಗಾಜು ನೋಡಿ ಗುಂಪು ಮಾಡಿದರೆ ಯಾರಾದರೂ ಎಡವುತ್ತಾರೆ, ಏಕೆಂದರೆ ಪಾರದರ್ಶಕ ರೆಕ್ಕೆ ಪತಂಗಗಳಲ್ಲಿ ಬೇರೆ ಬೇರೆ ಕವಲುಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿಕೊಂಡಿದೆ. ಕರ್ನಾಟಕದಲ್ಲೇ ಇದರ ಉದಾಹರಣೆಗಳಿವೆ. ಬಿಕ್ಕೆಯ ಜಾತಿಯ ಗಿಡಗಳ, ಕಾಫಿಯ ಎಲೆ ತಿಂದು ಬೆಳೆಯುವ ಸೆಫನೋಡೆಸ್ ಹೈಲಾಸ್ ದಪ್ಪ ಮೈಯ ಗಿಡುಗ ಪತಂಗ. ಹೂವಿನ ಮುಂದೆ ಕೂಡದೆ ನಿಂತಲ್ಲೇ ರೆಕ್ಕೆ ಬಡಿಯುತ್ತ ರಸ ಹೀರುತ್ತದೆ. ಶ್ರೀಗಂಧದ ಎಲೆ ತಿನ್ನುವ ಅಮಾಟಾ ಪಸಾಲಿಸ್ ಕಪ್ಪು ರೆಕ್ಕೆಯಲ್ಲಿ ಕಿಟಕಿಗಳನ್ನಿಟ್ಟುಕೊಂಡು ಹಗಲಲ್ಲಿ ನಿಧಾನಕ್ಕೆ ಹಾರಾಡುತ್ತದೆ. ಅದರ ಕುಟುಂಬ ಮತ್ತೊಂದು. ಇವೆರಡನ್ನೂ ನೋಡಿ ಸೆಸಿಡೇ ಸಿಕ್ಕಿತು ಎಂದು ಸಂಭ್ರಮಿಸುವವರಿದ್ದಾರೆ. ನಿಜವಾದ ಸೆಸಿಡೇಯ ಮೈ ಸಣ್ಣದು, ಮುಂದಿನ ರೆಕ್ಕೆ ಕೋಲಿನಂತೆ ಕಿರಿದು, ಎಲೆಯ ಮೇಲೆ ಕೂತಾಗಲೂ ಕಣಜದ ಚಡಪಡಿಕೆ.

ಇವುಗಳನ್ನು ಸರಿಯಾಗಿ ಬೇರ್ಪಡಿಸಬೇಕಾದರೆ ಬಣ್ಣವನ್ನು ನಂಬುವಂತಿಲ್ಲ. ಒಂದೇ ಕಣಜವನ್ನು ಅನುಕರಿಸುವ ಎರಡು ಪ್ರಭೇದಗಳು ಒಂದೇ ಥರ ಕಾಣುತ್ತವೆ. ಒಂದೇ ಪ್ರಭೇದದ ಗಂಡು ಹೆಣ್ಣು ಬೇರೆ ಥರ ಕಾಣಬಹುದು. ಆದ್ದರಿಂದ ಹೊಟ್ಟೆಯ ತುದಿಯನ್ನು ಕಾಸ್ಟಿಕ್ ಪೊಟ್ಯಾಶ್ ದ್ರಾವಣದಲ್ಲಿ ಬೇಯಿಸಿ ಮೆದುಮಾಡಿ, ಜನನಾಂಗದ ಗಡಸು ಭಾಗಗಳನ್ನು ಸೂಕ್ಷ್ಮದರ್ಶಕದಡಿ ಹೋಲಿಸುತ್ತಾರೆ. 1981ರಲ್ಲಿ ಅಮೆರಿಕದ ಹೆಪ್ನರ್ ಮತ್ತು ಡಕ್‌ವರ್ತ್ ಇಡೀ ಗುಂಪಿನ ವರ್ಗೀಕರಣವನ್ನು ಹೊಸದಾಗಿ ಕಟ್ಟಿ, ಕುಟುಂಬವನ್ನು ಮೂರು ಉಪಕುಟುಂಬಗಳಾಗಿ ಒಡೆದರು. ಈಗ ಎರಡನ್ನು ಒಪ್ಪುವವರೇ ಹೆಚ್ಚು. ಕಾಲಿನ ಒಂದು ಚೂರಿನಿಂದ ಡಿಎನ್ಎ ತೆಗೆದು, ಸುಮಾರು 650 ಅಕ್ಷರಗಳ ಒಂದು ತುಣುಕನ್ನು ಓದಿ ಹೋಲಿಸುವ ಪದ್ಧತಿ 2003ರ ನಂತರ ಬಂತು. ಗಂಡು ಯಾವುದು, ಅದರ ಹೆಣ್ಣು ಯಾವುದು, ಬಳ್ಳಿಯೊಳಗಿನ ಈ ಮರಿಹುಳು ಯಾರದು ಎಂಬಂಥ ಪ್ರಶ್ನೆಗಳಿಗೆ ಅದರಿಂದ ಉತ್ತರ ಸಿಗುತ್ತದೆ.

ಆದರೆ ಹೋಲಿಸಲು ಮಾದರಿಗಳೇ ಇರದಿದ್ದರೆ? ಶತಮಾನಗಟ್ಟಲೆ ಇದ್ದದ್ದು ಆ ತೊಂದರೆಯೇ. ಅದು ಬಗೆಹರಿದದ್ದು ಪೀಚ್ ಹಣ್ಣಿನ ತೋಟದಲ್ಲಿ. ಅಮೆರಿಕದ ಪೀಚ್ ಮರಗಳನ್ನು ಎರಡು ಸೆಸಿಡೇ ಪತಂಗಗಳು ಕೊರೆಯುತ್ತಿದ್ದವು. 1974ರಲ್ಲಿ ಜೇಮ್ಸ್ ಟಮ್ಲಿನ್ಸನ್ ಮತ್ತು ಸಂಗಡಿಗರು ಆ ಹೆಣ್ಣು ಪತಂಗಗಳು ಗಂಡುಗಳನ್ನು ಕರೆಯಲು ಗಾಳಿಗೆ ಬಿಡುವ ರಾಸಾಯನಿಕವನ್ನು ಗುರುತಿಸಿದರು. ಎರಡರದ್ದೂ ಹದಿನೆಂಟು ಇಂಗಾಲದ ಉದ್ದನೆಯ ಸರಪಳಿಯಿರುವ ಅಣು; ಮೂರನೆಯ ಮತ್ತು ಹದಿಮೂರನೆಯ ಜಾಗದಲ್ಲಿ ಜೋಡಿ ಬಂಧ. ವ್ಯತ್ಯಾಸವೆಲ್ಲ ಮೂರನೆಯ ಜಾಗದ ಬಂಧ ಯಾವ ಕಡೆಗೆ ತಿರುಗಿದೆ ಎಂಬುದರಲ್ಲಿ. ಅಷ್ಟು ಸಣ್ಣ ತಿರುವಿಗೆ ಒಂದು ಪ್ರಭೇದದ ಗಂಡು ಬರುತ್ತದೆ, ಇನ್ನೊಂದರದ್ದು ಮೂಸಿಯೂ ನೋಡುವುದಿಲ್ಲ.

ತೊಗರಿ, ಕಡಲೆ ಹೊಲದಲ್ಲಿ ಕಾಯಿಕೊರಕಕ್ಕೆ ಮೋಹಕ ಬಲೆ ಕಟ್ಟಿದವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಈ ಕುಟುಂಬದ ಬಹಳಷ್ಟು ಪ್ರಭೇದಗಳು ಇದೇ ಅಣುವಿನ ಸಣ್ಣಪುಟ್ಟ ರೂಪಾಂತರಗಳನ್ನೇ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಬಳಸುತ್ತವೆ. ರಬ್ಬರ್ ಬಿರಡೆಗೆ ಮಿಶ್ರಣ ಹಚ್ಚಿ ಮರಕ್ಕೆ ತೂಗುಹಾಕಿದರೆ, ಅಲ್ಲಿ ಇಲ್ಲವೇ ಇಲ್ಲ ಎಂದುಕೊಂಡಿದ್ದ ಪ್ರಭೇದದ ಗಂಡುಗಳು ಹಾಡುಹಗಲೇ ಬಂದಿಳಿಯತೊಡಗಿದವು. ಯುರೋಪು, ಅಮೆರಿಕದಲ್ಲಿ ಅಪರೂಪ ಎನ್ನಿಸಿಕೊಂಡಿದ್ದ ಎಷ್ಟೋ ಪತಂಗಗಳು ಸಾಮಾನ್ಯದ ಪಟ್ಟಿಗೆ ಸೇರಿದವು. ಬದಲಾದದ್ದು ಹುಡುಕುವ ಸಾಧನ, ಅಷ್ಟೇ. ನಮ್ಮಲ್ಲಿ ಬಿಳಿ ಬಟ್ಟೆಗೆ ಖರ್ಚು ಮಾಡುವ ಹುರುಪಿನ ಅರ್ಧದಷ್ಟನ್ನು ಈ ಬಿರಡೆಗೆ ಮಾಡಿದರೂ ಕರ್ನಾಟಕದ ಪತಂಗಗಳ ಪಟ್ಟಿಯ ಚಹರೆ ಬೇರೆಯಾಗುತ್ತದೆ ಎಂಬುದು ನನ್ನ ನಂಬಿಕೆ.

ಕಣ್ಣಿಟ್ಟು ಕೂತವರಿಗೆ ಸಿಕ್ಕ ಉದಾಹರಣೆಯೂ ಇದೆ. 1887ರಲ್ಲಿ ಸುಮಾತ್ರಾದಲ್ಲಿ ಹಿಡಿದ ಒಂದೇ ಒಂದು ಜಖಂಗೊಂಡ ಪತಂಗ ವಿಯೆನ್ನಾದ ಸಂಗ್ರಹಾಲಯದಲ್ಲಿ ಕೂತಿತ್ತು. ಕಾಲೀಸ್ ಅದಕ್ಕೆ 2003ರಲ್ಲಿ ಹೆಟೆರೋಸ್ಫೀಸಿಯಾ ಟವೊನಾಯ್ಡಿಸ್ ಎಂದು ಹೆಸರಿಟ್ಟರು. ಹಿಡಿದ ಮೇಲೆ ಆ ಪ್ರಭೇದವನ್ನು ಜೀವಂತ ಕಂಡವರಿರಲಿಲ್ಲ. ಪೋಲೆಂಡಿನ ಮಾರ್ತಾ ಸ್ಕೊವ್ರನ್ ವೊಲ್ಪೋನಿ ಮಲೇಷ್ಯಾದ ಮಳೆಕಾಡಿನ ಹೊಳೆದಂಡೆಯಲ್ಲಿ, ಜೇನ್ನೊಣಗಳ ನಡುವೆ ಕೂತು ಮರಳಿನ ತೇವ ಹೀರುತ್ತಿದ್ದ ಹೊಳೆಯುವ ನೀಲಿ ಪತಂಗವನ್ನು ಗುರುತಿಸಿ 2017ರಲ್ಲಿ ವರದಿ ಮಾಡಿದರು. ದೀಪ, ಬಲೆ, ಬಿರಡೆ ಏನೂ ಇಲ್ಲದೆ, ಹಗಲಲ್ಲಿ ದಂಡೆಯ ಮೇಲೆ ಕೂತು ನೋಡಿದ್ದಕ್ಕೆ ಸಿಕ್ಕ ಪತಂಗ ಅದು.

ವಂಶವೃಕ್ಷದ ಮೇಲಿನ ಕೊಂಬೆಗಳಲ್ಲೂ ಬದಲಾವಣೆಯಾಗಿದೆ, ಅದು ನೇರ ಇಂಡಿಯ ಲಿಂಬಿ ತೋಟಕ್ಕೇ ಬಂದು ಮುಟ್ಟುತ್ತದೆ. ಲಿಂಬಿ, ದಾಳಿಂಬೆ, ಪೇರಲ, ಬಾರಿ ಗಿಡಗಳ ಕಾಂಡದ ಮೇಲೆ ಹಿಕ್ಕೆ ಮತ್ತು ರೇಷ್ಮೆ ಎಳೆ ಬೆರೆತ ಕಂದು ಬಣ್ಣದ ಜಾಡು ಕಂಡರೆ ಒಳಗೆ ತೊಗಟೆ ತಿನ್ನುವ ಹುಳು, ಇಂಡಾರ್ಬೆಲಾ, ಇದೆಯೆಂದು ಅರ್ಥ. ದ್ರಾಕ್ಷಿಯ ಕಾಂಡ ಕೊರೆಯುವ ಡೆರ್ವಿಶಿಯಾ ಕದಂಬೇ ಎಂಬ ಪತಂಗವೂ ಕರ್ನಾಟಕ, ಮಹಾರಾಷ್ಟ್ರದ ಬೆಳೆಗಾರರಿಗೆ ಗೊತ್ತು. ಇವೆರಡೂ ರಾತ್ರಿ ಹಾರುವ, ಮಾಸಲು ಬಣ್ಣದ ಪತಂಗಗಳು. ಗಾಜುರೆಕ್ಕೆಗೂ ಇವಕ್ಕೂ ನೋಟದಲ್ಲಿ ಏನೇನೂ ಹೋಲಿಕೆಯಿಲ್ಲ. ಆದರೆ 2011ರಲ್ಲಿ ಪ್ರಕಟವಾದ ಜಾಗತಿಕ ವರ್ಗೀಕರಣ ಈ ಮೂರರ ಕುಟುಂಬಗಳನ್ನೂ ಕಾಸಾಯ್ಡಿಯಾ ಎಂಬ ಒಂದೇ ಮಹಾಕುಟುಂಬದಲ್ಲಿ ಇಟ್ಟಿದೆ. ವೇಷ ತೆಗೆದಿಟ್ಟು ಬದುಕಿನ ರೀತಿ ನೋಡಿದರೆ ನಂಟು ಕಾಣುತ್ತದೆ: ಮರಿ ಗಿಡದ ಒಳಗೆ ಮನೆ ಮಾಡುತ್ತದೆ, ಕೋಶದ ಮೈಮೇಲೆ ಸಾಲುಸಾಲು ಮುಳ್ಳು, ಆ ಮುಳ್ಳುಗಳಿಂದ ಮೀಟಿಕೊಂಡು ಕೋಶ ರಂಧ್ರದಿಂದ ಅರ್ಧ ಹೊರಬಂದ ಮೇಲೆಯೇ ಪತಂಗ ಒಡೆದು ಹಾರುತ್ತದೆ. ತೊಗಟೆಯಲ್ಲಿ ಸಿಕ್ಕಿಕೊಂಡು ಉಳಿಯುವ ಖಾಲಿ ಸಿಪ್ಪೆ ಹುಡುಕುವವರಿಗೆ ಒಳ್ಳೆಯ ಸುಳಿವು. ಪತಂಗ ಕೈಗೆ ಸಿಗದಿದ್ದರೂ ಸಿಪ್ಪೆ ವಾರಗಟ್ಟಲೆ ಅಲ್ಲೇ ಇರುತ್ತದೆ.

ಇಷ್ಟೆಲ್ಲ ಹೆಸರು, ಕೊಂಬೆ, ಉಪಕೊಂಬೆಯ ಗೋಜು ಯಾರಿಗೆ ಬೇಕು ಎನ್ನುವವರಿಗೆ ರಸ್ತೆ ಬದಿಯ ಕಾಂಗ್ರೆಸ್ ಕಸ ತೋರಿಸಬಹುದು. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ಮೆಕ್ಸಿಕೋ ಮೂಲದ ಗಿಡ ಈಗ ತಾಂಬಾದ ಬದುವನ್ನೂ ಬಿಟ್ಟಿಲ್ಲ. ಅದರ ಎಲೆ ತಿನ್ನುವ ಜೀರುಂಡೆಯನ್ನು ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಚೆನ್ನಾಗಿ ತಿನ್ನುತ್ತದೆ, ಒಣಗಾಲದಲ್ಲಿ ಮಣ್ಣಿಗಿಳಿದು ಮಲಗುತ್ತದೆ. ಆಸ್ಟ್ರೇಲಿಯಾದವರು ಇದಕ್ಕೇ ಒಂದು ಗಾಜುರೆಕ್ಕೆಯ ಪತಂಗವನ್ನೂ ಮೆಕ್ಸಿಕೋದಿಂದ ತರಿಸಿ 1998ರಿಂದ ಕ್ವೀನ್ಸ್‌ಲ್ಯಾಂಡಿನಲ್ಲಿ ಬಿಟ್ಟರು. ಅದರ ಮರಿ ಗಿಡದ ಬುಡ, ಬೇರಿನೊಳಗೆ ಕೊರೆದು ತಿನ್ನುತ್ತದೆ. ಆ ಪತಂಗದ ಹೆಸರನ್ನು ಸಂಶೋಧನಾ ಬರಹಗಳಲ್ಲಿ ಕಾರ್ಮೆಂಟಾ ಇಥಾಕೇ ಎಂದು ನೇರ ಬರೆಯದೆ, "ಇಥಾಕೇಗೆ ಹತ್ತಿರದ್ದು" ಎಂದು ಬರೆಯುವ ರೂಢಿಯಿತ್ತು. ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಕಳೆ ತಿನ್ನಲು ಹೋದ ಹುಳಕ್ಕೆ ಗಟ್ಟಿ ಹೆಸರಿರಲಿಲ್ಲ.

ಅಂಥ ಪತಂಗವನ್ನು ಮುಂದೆ ಎಂದಾದರೂ ಇಲ್ಲಿಗೆ ತರುವ ಮಾತು ಬಂದರೆ ಹೆಸರಿನ ಪ್ರಶ್ನೆ ಮೊದಲು ಏಳುತ್ತದೆ, ಏಕೆಂದರೆ ಹತ್ತಿರದ ಎರಡು ಪ್ರಭೇದಗಳ ಆಹಾರ ಬೇರೆಯಿರಬಹುದು. ಎಲೆ ತಿನ್ನುವ ಜೀರುಂಡೆ ಸೂರ್ಯಕಾಂತಿಯನ್ನೂ ಕಡಿಯುತ್ತದೆ ಎಂದು 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಗದ್ದಲವಾಗಿ, ಅದು ವಿಚಾರಣೆಯ ತನಕ ಹೋಗಿತ್ತು. ಕಾಂಗ್ರೆಸ್ ಕಸ ಸೂರ್ಯಕಾಂತಿಯ ಕುಟುಂಬದ್ದೇ ಗಿಡ. ವಿಜಯಪುರದ ಹೊಲಗಳ ಕುಸುಬೆ ಮತ್ತು ಗುರೆಳ್ಳು ಕೂಡ ಅದೇ ಕುಟುಂಬಕ್ಕೆ ಸೇರಿದವು.