ಮನೆಯೊಳಗೇ ಬೆಕ್ಕಿಗೊಂದು ಬೇಟೆ

ದಾಂಡೇಲಿ, ಜೋಯಿಡಾ, ಹಳಿಯಾಳ, ಮುಂಡಗೋಡ ಕಡೆ ಬೆಕ್ಕು ಸಾಕಿದವರೇ, ಒಂದು ನಿಮಿಷ ಕೇಳಿ. ಇಲ್ಲಿ ಎಷ್ಟೋ ಮನೆಗಳ ಹಿತ್ತಿಲು ದಾಟಿದರೆ ಕಾಡು. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಚಿರತೆಯಿದೆ, ಕರಿಚಿರತೆಯೂ ಇದೆ. ಕತ್ತಲಲ್ಲಿ ಹೊರಗೆ ಬಿಟ್ಟ ಬೆಕ್ಕು ಚಿರತೆಗೆ ಸುಲಭದ ತುತ್ತು. ಅದೇ ಬೆಕ್ಕು ಕಾಡಂಚಿನ ಹಕ್ಕಿ, ಓತಿಕ್ಯಾತಗಳನ್ನು ಕೊಲ್ಲುತ್ತದೆ. ಅದರ ರೋಗ ಕಾಡುಬೆಕ್ಕಿಗೂ ದಾಟಬಹುದು.

ಹಾಗಂತ ಒಳಗೆ ಕೂಡಿಹಾಕಿದರೆ ಸಾಕೇ? ಸಾಲದು. ಹೊಟ್ಟೆ ತುಂಬಿದರೂ ಬೇಟೆಯ ಹುಮ್ಮಸ್ಸು ಹೋಗುವುದಿಲ್ಲ. ಬೇಸರ ಬಂದ ಬೆಕ್ಕು ಪರದೆ ಹರಿಯುತ್ತದೆ, ಕಾಲು ಕಚ್ಚುತ್ತದೆ, ಇಲ್ಲವೇ ತಿಂದು ಮಲಗಿ ಬೊಜ್ಜು ಬೆಳೆಸಿಕೊಳ್ಳುತ್ತದೆ.

ಬೆಕ್ಕು ಚುರುಕಾಗುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಆ ಹೊತ್ತಿಗೆ ಒಂದು 10 ನಿಮಿಷ ಆಡಿಸಿ. ಕೋಲಿಗೆ ದಾರ, ದಾರದ ತುದಿಗೆ ಬಟ್ಟೆಯ ಚೂರು. ಅದನ್ನು ಬೆಕ್ಕಿನ ಮುಖಕ್ಕೆ ಹಿಡಿಯಬೇಡಿ. ಇಲಿಯ ಹಾಗೆ ದೂರ ಓಡಿಸಿ, ಕುರ್ಚಿಯ ಹಿಂದೆ ಅಡಗಿಸಿ. ಕೊನೆಗೆ ಹಿಡಿಯಲು ಬಿಡಿ. ಹಿಡಿದ ಕೂಡಲೇ ಊಟ ಕೊಡಿ. ಹೊಂಚು, ಹಿಡಿತ, ಊಟ, ನಿದ್ದೆ: ಬೆಕ್ಕಿನ ಸಹಜ ಕ್ರಮ ಇದೇ. ಲೇಸರ್ ದೀಪದ ಆಟ ನನಗೆ ಒಪ್ಪಿಗೆಯಿಲ್ಲ, ಆ ಬೇಟೆ ಎಂದೂ ಸಿಗುವುದೇ ಇಲ್ಲ. ಆಟ ಮುಗಿದ ಮೇಲೆ ದಾರ ಎತ್ತಿಡಿ. ನುಂಗಿದರೆ ಕರುಳಿಗೆ ಅಪಾಯ.

ಇಲ್ಲಿನ ಜಡಿಮಳೆಯ ದಿನಗಳಿಗೆ ಜಾಲರಿ ಹಾಕಿದ ಕಿಟಕಿಯ ಬಳಿ ಎತ್ತರದ ಹಲಗೆ ಇರಲಿ. ಮೇಜಿನ ಕಾಲಿಗೆ ತೆಂಗಿನ ನಾರಿನ ಹಗ್ಗ ಸುತ್ತಿ, ಉಗುರು ಕೆರೆಯಲು ಜಾಗವಾಗುತ್ತದೆ.

ರೇಬಿಸ್ ಲಸಿಕೆ ತಪ್ಪಿಸಬೇಡಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಇವತ್ತು ಸಂಜೆಯಿಂದಲೇ, ಕತ್ತಲಾಗುವ ಮೊದಲು ನಿಮ್ಮ ಬೆಕ್ಕನ್ನು ಒಳಗೆ ಕರೆದುಕೊಳ್ಳಿ.