ತೀರ್ಪು ಸಿಕ್ಕಿತು, ಆದರೆ ಈಗಲೂ ಊರ್ಜಿತವೇ?

ಕಾನೂನು ಓದುವ ಹುಡುಗ–ಹುಡುಗಿಯರು ನನಗೆ ಕೇಳೋ ಪ್ರಶ್ನೆ ಹೆಚ್ಚಾಗಿ ಒಂದೇ: "ಅಕ್ಕಾ, ಎಸ್‌ಸಿಸಿ ಆನ್‌ಲೈನ್ ಇಲ್ಲದೆ ನಡೀತದೇನು?" ಕೊಡ್ಲಿ, ಸೇಡಂ, ಚಿತ್ತಾಪುರದ ಕಡೆಯಿಂದ ಬಸ್ಸು ಹಿಡಿದು ಕಲಬುರಗಿ ಕಾಲೇಜಿಗೆ ಬರುವವರಿಗೆ ಇದು ರೊಕ್ಕದ ಪ್ರಶ್ನೆ. ಎಸ್‌ಸಿಸಿ ಆನ್‌ಲೈನ್, ಮನುಪಾತ್ರ ಎರಡಕ್ಕೂ ಚಂದಾ ಕಟ್ಟಬೇಕು. ಕಾಲೇಜು ಕಟ್ಟಿದ್ದರೆ ಗ್ರಂಥಾಲಯದಲ್ಲಿ ಕೇಳಿ ಲಾಗಿನ್ ತಗೊಳ್ಳಿ (ಎಷ್ಟೋ ಮಂದಿ ಕೇಳೋದೇ ಇಲ್ಲ). ಇಲ್ಲದಿದ್ದರೂ ನಡೀತದೆ.

2008ರಿಂದ ಇಂಡಿಯನ್ ಕಾನೂನ್ ಇದೆ, ಪುಕ್ಕಟೆ. 2023ರ ಜನವರಿಯಿಂದ ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳು ಇ-ಎಸ್‌ಸಿಆರ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಹೈಕೋರ್ಟ್ ತೀರ್ಪುಗಳಿಗೆ ಇ-ಕೋರ್ಟ್ಸ್‌ನ ಹುಡುಕಾಟ ತಾಣ, ಕಾಯ್ದೆಗಳಿಗೆ ಇಂಡಿಯಾ ಕೋಡ್. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇನ್ನೊಂದು ಮಾತು: ಸುಪ್ರೀಂ ಕೋರ್ಟಿನ ಹಲವು ತೀರ್ಪುಗಳು ಕನ್ನಡಕ್ಕೂ ಅನುವಾದ ಆಗಿವೆ. ಮೊದಲು ಅದನ್ನು ಓದಿ ವಿಷಯ ಹಿಡ್ಕೊಂಡು, ಆಮೇಲೆ ಇಂಗ್ಲಿಷ್ ಮೂಲ ನೋಡಿದರೆ ಅರ್ಧ ಭಾರ ಇಳೀತದೆ.

ಹಾಗಾಗಿ ತೀರ್ಪು ಹುಡುಕೋದು ಈಗ ದೊಡ್ಡ ಕೆಲಸ ಅಲ್ಲ. ಸಿಕ್ಕ ತೀರ್ಪು ಇನ್ನೂ ನಡೀತದೋ ಇಲ್ಲೋ ಅಂತ ನೋಡೋದೇ ಕೆಲಸ.

ನಮ್ಮ ಓಣಿಯ ಹುಡುಗಿಯೊಬ್ಬಳು ಎಲ್ಎಲ್‌ಬಿ ಓದ್ತಾಳೆ. ಅವಳ ಸೋದರತ್ತೆಯ ಮುಂದೆ ಮನೆಯವರು ಹಕ್ಕು ಬಿಡುಗಡೆ ಪತ್ರ ಇಟ್ಟಿದ್ದರು. ಪಿತ್ರಾರ್ಜಿತ ಹೊಲ, ತೊಗರಿ ಬೆಳೆಯುವ ಭೂಮಿ. ಅಜ್ಜ ತೀರಿಕೊಂಡದ್ದು 1998ರಲ್ಲಿ. ಹುಡುಗಿ ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕಿದ್ದು 2015ರ ಪ್ರಕಾಶ್ ವಿರುದ್ಧ ಫುಲವತಿ. ಅದೂ ಕರ್ನಾಟಕದಿಂದಲೇ ಹೋದ ಪ್ರಕರಣ. 2005ರ ಸೆಪ್ಟೆಂಬರ್ 9ರಂದು ತಂದೆ, ಮಗಳು ಇಬ್ಬರೂ ಬದುಕಿದ್ದರೆ ಮಾತ್ರ ತಿದ್ದುಪಡಿಯ ಲಾಭ ಅಂತ ಅದರಲ್ಲಿತ್ತು. "ಅತ್ತೆಗೆ ಸಮಪಾಲು ಇಲ್ಲಕ್ಕಾ, ಸುಪ್ರೀಂ ಕೋರ್ಟೇ ಹೇಳ್ಯದ" ಅಂದಳು.

"ಸೈಟೆಡ್ ಬೈ ಒತ್ತಿ ನೋಡವ್ವಾ" ಅಂದೆ. ಇಂಡಿಯನ್ ಕಾನೂನ್‌ನಲ್ಲಿ ತೀರ್ಪಿನ ಮೇಲ್ಭಾಗದಲ್ಲೇ ಅದು ಇರ್ತದೆ. ಆ ತೀರ್ಪನ್ನು ಮುಂದೆ ಯಾರ‍್ಯಾರು ಉಲ್ಲೇಖಿಸಿದ್ದಾರೆ ಅನ್ನೋ ಪಟ್ಟಿ. ಅಲ್ಲಿಂದ ಅವಳು ತಲುಪಿದ್ದು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿಗೆ. ಮೂವರು ನ್ಯಾಯಮೂರ್ತಿಗಳ ಪೀಠ ಫುಲವತಿ ತೀರ್ಪನ್ನು ತಳ್ಳಿಹಾಕಿತ್ತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ವಿಭಾಗ ಪತ್ರ ಆಗಿದ್ದರೆ ಮಾತು ಬೇರೆ. ಇವರ ಮನೆಯಲ್ಲಿ ಅಂಥದ್ದು ಆಗಿರಲಿಲ್ಲ. ಅತ್ತೆ ಸಹಿ ಮಾಡಲಿಲ್ಲ. ಮನೆಯಲ್ಲಿ ಈಗ ಮಾತುಕತೆ ನಡೆದದೆ, ಸ್ವಲ್ಪ ಬಿಸಿಯಾಗಿಯೇ.

ಕಲಂಗಳ ನಂಬರಿನಲ್ಲೂ ಇದೇ ಕಥೆ. 2024ರ ಜುಲೈ 1ರಿಂದ ಹೊಸ ಕಾಯ್ದೆಗಳು ಬಂದವು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 482 ಅಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 482 ಅಂದರೆ ನಿರೀಕ್ಷಣಾ ಜಾಮೀನು. ಬರೀ ನಂಬರು ಹಾಕಿ ಹುಡುಕಿದರೆ ಎರಡೂ ಕಲಸಿಕೊಂಡು ಬರ್ತವೆ. ಕಾಯ್ದೆಯ ಹೆಸರನ್ನೂ ಸೇರಿಸಿ ಹುಡುಕಿ.

ಇನ್ನು ಚಾಟ್‌ಜಿಪಿಟಿ. ವಿಷಯ ಬಿಡಿಸಿ ಹೇಳಲು ಬಳಸಿ, ನನ್ನದೇನೂ ತಕರಾರಿಲ್ಲ. ಆದರೆ ಇಲ್ಲದ ತೀರ್ಪಿನ ಹೆಸರನ್ನೂ ಅದು ಬಲು ಧೈರ್ಯದಿಂದ ಹೇಳ್ತದೆ. ಮೂಟ್ ಕೋರ್ಟಿನ ಮೆಮೋರಿಯಲ್‌ನಲ್ಲಿ ಅಂಥ ಹೆಸರು ಕಂಡರೆ ಅಂಕ ಹೋಗ್ತದೆ. ನಾಳೆ ವಕಾಲತ್ತು ಹಾಕಿದ ಮೇಲೆ ಕಂಡರೆ ಕಕ್ಷಿದಾರರ ಹೊಲ ಹೋಗ್ತದೆ. ಅದು ಕೊಟ್ಟ ಪ್ರತಿ ಹೆಸರನ್ನೂ ಇ-ಎಸ್‌ಸಿಆರ್ ಅಥವಾ ಇ-ಕೋರ್ಟ್ಸ್‌ನಲ್ಲಿ ಹಾಕಿ ನೋಡಿ, ಪಿಡಿಎಫ್ ಇಳಿಸಿಕೊಂಡು ಆ ಪ್ಯಾರಾ ಓದಿ. ಊರಿನ ಬಸ್ಸು ಹತ್ತುವ ಮೊದಲೇ ಇಳಿಸಿಕೊಂಡರೆ ಒಳ್ಳೇದು, ದಾರಿಯಲ್ಲಿ ನೆಟ್‌ವರ್ಕ್ ನಂಬೋ ಹಂಗಿಲ್ಲ.