ಈರಿ ಸರೋವರದ ದಡದಲ್ಲಿ ಪಂಚರತ್ನ

ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್, ಉಕ್ಕಿನ ಕಾರ್ಖಾನೆಗಳಿಂದ ಬೆಳೆದ ಊರು. ಈರಿ ಸರೋವರದ ದಡದಲ್ಲಿರುವ ರಾಕ್ ಸಂಗೀತದ ವಸ್ತುಸಂಗ್ರಹಾಲಯ ನೋಡಲು ಬರುವವರಿದ್ದಾರೆ, ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ ಕೇಳಲು ಬರುವವರಿದ್ದಾರೆ. ಕರ್ನಾಟಕ ಸಂಗೀತದವರಿಗೆ ಮಾತ್ರ ಕ್ಲೀವ್‌ಲ್ಯಾಂಡ್ ಎಂದರೆ ತ್ಯಾಗರಾಜರ ಆರಾಧನೆ. ಭಾರತದ ಹೊರಗೆ ನಡೆಯುವ ಅತಿ ದೊಡ್ಡ ಕರ್ನಾಟಕ ಸಂಗೀತೋತ್ಸವ ಎಂಬ ಹೆಸರು ಅದಕ್ಕಿದೆ.

ಶುರುವಾದದ್ದು 1978ರಲ್ಲಿ, ಚರ್ಚೊಂದರ ನೆಲಮಾಳಿಗೆಯಲ್ಲಿ, ಒಂದೇ ದಿನದ ಕಾರ್ಯಕ್ರಮವಾಗಿ. ಮೃದಂಗ ವಿದ್ವಾಂಸ ರಾಮನಾಡ್ ರಾಘವನ್ ಅವರ ಪ್ರೇರಣೆಗೆ ವಿ.ವಿ. ಸುಂದರಂ ಮತ್ತು ಆರ್. ಬಾಲಸುಬ್ರಮಣಿಯಂ ಅವರ ಸಂಘಟನಾ ಬಲ ಸೇರಿತು. ಈಗ ಅದು ಹತ್ತು ದಿನಕ್ಕೂ ಮೀರಿ ನಡೆಯುತ್ತದೆ. ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಭಾಂಗಣಗಳು ಅದರ ಮನೆಯಂತಾಗಿವೆ.

ತ್ಯಾಗರಾಜರ ಪುಣ್ಯತಿಥಿ ಪುಷ್ಯ ಬಹುಳ ಪಂಚಮಿ. ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ಆಗ ಒಹಾಯೊದಲ್ಲಿ ಹಿಮ ಸುರಿಯುವ ಕಾಲ. ಹಾಗಾಗಿ ಇಲ್ಲಿ ಆರಾಧನೆ ನಡೆಯುವುದು ಈಸ್ಟರ್ ಹಬ್ಬದ ಆಸುಪಾಸಿನಲ್ಲಿ. ದೂರದೂರದ ರಾಜ್ಯಗಳಿಂದ, ಕೆನಡಾದಿಂದ ಮಕ್ಕಳನ್ನು ಕರೆದುಕೊಂಡು ಕುಟುಂಬಗಳು ಬಂದಿಳಿಯುತ್ತವೆ.

ಉತ್ಸವದ ಜೀವಾಳ ತ್ಯಾಗರಾಜರ ಪಂಚರತ್ನ ಕೃತಿಗಳ ಗೋಷ್ಠಿ ಗಾಯನ. ನಾಟ, ಗೌಳ, ಆರಭಿ, ವರಾಳಿ, ಶ್ರೀ: ಐದು ಘನರಾಗಗಳು, ಐದಕ್ಕೂ ಆದಿತಾಳ. ಪ್ರತಿ ಚರಣವನ್ನು ಮೊದಲು ಸ್ವರದಲ್ಲಿ ಹಾಡಿ, ಅದೇ ಜಾಡಿನಲ್ಲಿ ಸಾಹಿತ್ಯ ಹಾಡಬೇಕು. ಒಬ್ಬರು ಒಂದು ಸ್ವರ ಜಾರಿದರೂ ಪಕ್ಕದವರ ದನಿ ಎತ್ತಿ ಹಿಡಿಯುತ್ತದೆ. ಹೆಸರಾಂತ ವಿದ್ವಾಂಸರ ಜೊತೆಯಲ್ಲೇ ಕುಳಿತು, ತೊಡೆಯ ಮೇಲೆ ತಾಳ ಹಾಕುತ್ತ, ಪಾಠ ಒಪ್ಪಿಸಿದ ಮಕ್ಕಳೂ ಹಾಡುತ್ತಾರೆ.

ಹೀಗೆ ಎಲ್ಲರೂ ಕೂಡಿ ಹಾಡುವ ಪದ್ಧತಿ ತ್ಯಾಗರಾಜರ ಸಮಾಧಿಯಿರುವ ತಿರುವಯ್ಯಾರಿನಲ್ಲೂ ತೀರಾ ಹಳೆಯದಲ್ಲ. ಅಲ್ಲಿ ಬಣಗಳಾಗಿ ಒಡೆದಿದ್ದ ಆರಾಧನೆ ಒಂದಾದದ್ದು 1940ರ ಸುಮಾರಿಗೆ. ಅದಕ್ಕೂ ಮೊದಲು ಸಮಾಧಿಯ ಮುಂದೆ ಹೆಂಗಸರು ಹಾಡುವಂತಿರಲಿಲ್ಲ. ಆ ಕಟ್ಟಳೆಯನ್ನು ಎದುರಿಸಿ, ತಮ್ಮ ಗಳಿಕೆಯನ್ನೆಲ್ಲ ಸುರಿದು ಅಲ್ಲಿ ಗುಡಿ ಕಟ್ಟಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಇಂದು ಕ್ಲೀವ್‌ಲ್ಯಾಂಡಿನ ವೇದಿಕೆಯಲ್ಲಿ ಹೆಣ್ಣುಮಕ್ಕಳು ನಿರಾತಂಕವಾಗಿ ದನಿಯೆತ್ತುವುದರ ಹಿಂದೆ ಆ ತಾಯಿಯ ಹಟವೂ ಇದೆ.

ಕಛೇರಿಗಳಷ್ಟೇ ಮುಖ್ಯ ಇಲ್ಲಿನ ಮಕ್ಕಳ ಸ್ಪರ್ಧೆಗಳು. ಅವುಗಳಿಗಾಗಿ ಅಮೆರಿಕದ ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಅಭ್ಯಾಸ ನಡೆಯುತ್ತದೆ. ಪುರಂದರದಾಸರು ಹಾಕಿಕೊಟ್ಟರೆನ್ನುವ ಮಾಯಾಮಾಳವಗೌಳದ ಸರಳೆಯಿಂದ ಆರಂಭಿಸಿದ ಮಕ್ಕಳು ಇಲ್ಲಿ ದೊಡ್ಡ ಕೃತಿಗಳನ್ನು ಒಪ್ಪಿಸುತ್ತಾರೆ. 'ಸಸ್ಟೇನಿಂಗ್ ಸಂಪ್ರದಾಯ' ಎಂಬ ಯೋಜನೆಯಲ್ಲಿ ಭಾರತದ ಗುರುಗಳೇ ಇಂಟರ್‌ನೆಟ್ ಮೂಲಕ ಪಾಠ ಹೇಳಿ, ಆ ಮಕ್ಕಳನ್ನು ವೇದಿಕೆಗೆ ಸಿದ್ಧಗೊಳಿಸಿದ್ದಾರೆ. ಕೋವಿಡ್ ಬಂದಾಗ ಆರಾಧನೆಯೇ ಆನ್‌ಲೈನ್‌ಗೆ ಹೋಯಿತು, ನಿಲ್ಲಲಿಲ್ಲ.

ದೊಡ್ಡ ಕಲಾವಿದರನ್ನು ವಿಮಾನದಲ್ಲಿ ಕರೆಸಿ ಕಛೇರಿ ಮಾಡಿಸುವುದು ಹಣವಿದ್ದರೆ ಎಲ್ಲಿಯೂ ಸಾಧ್ಯ. ಕೇಳುವವರನ್ನು ಹಾಡುವವರನ್ನಾಗಿ ಮಾಡುವುದು ಕಷ್ಟದ ಕೆಲಸ. ಕ್ಲೀವ್‌ಲ್ಯಾಂಡ್ ಅದನ್ನು ನಾಲ್ಕು ದಶಕಗಳಿಗೂ ಮೀರಿ ಮಾಡುತ್ತ ಬಂದಿದೆ. ಆ ಊರಿನ ಹಿರಿಮೆ ಅದೇ.